ಸಿ.ಡಿ. ರೈಟರ್ ಕೊಳ್ಳುವ ಮುನ್ನ

ಹೊಸ ಕುಕ್ಕರ್ ಕೊಳ್ಳುವಾಗ ನಾವು ಹೆಂಗಸರು ಎಷ್ಟೊಂದು ವಿಚಾರಿಸುತ್ತೇವೆ! ಗ್ಯಾಸ್ಕೆಟ್ ನಮ್ಮೂರಲ್ಲಿ ಸಿಗುತ್ತದೆಯೆ, ತಳ ದಪ್ಪವಿದೆಯೆ, ಮೂರು ಪಾತ್ರೆಯೂ ಒಳಗೆ ಕೂಡುತ್ತವೆಯೆ ಅಂತ ಅಂಗಡಿಯವರ ತಲೆ ತಿಂದು ಬರುತ್ತೇವೆ. ಕಂಪ್ಯೂಟರಿನ ಸಾಮಾನು ಅಂದ ಕೂಡಲೇ ಮಾತ್ರ ಬಾಯಿಗೆ ಬೀಗ. "ಅದೆಲ್ಲ ಹುಡುಗರಿಗೆ ಗೊತ್ತಿರತ್ತೆ" ಅಂತ ಮಗನ ಕಡೆಗೋ ಅಳಿಯನ ಕಡೆಗೋ ಕೈ ತೋರಿಸಿ ಸುಮ್ಮನಾಗುತ್ತೇವೆ. ನನ್ನ ಮಗ ಕೆಲಸಕ್ಕೆಂದು ಪುಣೆಗೆ ಹೋಗಿ ಕೂತಿದ್ದಾನೆ. ಕೈ ತೋರಿಸಲು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಸಿ.ಡಿ. ಬರೆಯುವ ಯಂತ್ರವೊಂದನ್ನು, ಅದೂ ಲಿನಕ್ಸ್‌ಗೆ ಹೊಂದುವಂಥದ್ದನ್ನು, ನಾನೇ ಆರಿಸಿ ತಂದೆ. ಹೇಗೆ ಆರಿಸಿದೆ ಅನ್ನುವುದನ್ನು ನಿಮಗೂ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು.

"ಈ ಕಾಲದಲ್ಲಿ ಸಿ.ಡಿ. ಯಾಕ್ರೀ?" ಅಂತ ನೀವು ಕೇಳುವುದು ಸರಿಯೇ. ನಮ್ಮ ಯಜಮಾನರೂ ಅದನ್ನೇ ಕೇಳಿದರು. ಕಾರಣ ನಮ್ಮ ಅಕ್ಕ. ಸಾಗರದಲ್ಲಿದ್ದಾಳೆ, ಎಪ್ಪತ್ತೆಂಟು ವರ್ಷ, ಕಣ್ಣು ಮಂಜು. ಮೊಬೈಲಿನ ನುಣುಪು ಗಾಜಿನ ಮೇಲೆ ಎಲ್ಲಿ ಒತ್ತಬೇಕೆಂದು ಅವಳಿಗೆ ತಿಳಿಯುವುದಿಲ್ಲ. ಆದರೆ ಅವಳ ಹತ್ತಿರ ಹಳೆಯ ಸಿ.ಡಿ. ಪ್ಲೇಯರ್ ಒಂದಿದೆ, ಅದರ ಗುಂಡಿಗಳನ್ನು ಬೆರಳಿನಿಂದ ತಡವಿಯೇ ಗುರುತಿಸುತ್ತಾಳೆ. 1983ರಲ್ಲಿ ನಮ್ಮಮ್ಮ ಹೇಳಿದ ಹಸೆ ಹಾಡು, ಉರುಟಣೆ ಹಾಡು, ಆರತಿ ಹಾಡುಗಳನ್ನು ಅಣ್ಣ ಅರವತ್ತು ನಿಮಿಷದ ಎರಡು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದ. ಅವನ್ನು ಮಗ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದಾನೆ. ಅಮ್ಮ ಹೋಗಿ ಹತ್ತೊಂಬತ್ತು ವರ್ಷವಾಯಿತು. ಹಾಡಿನ ಎಷ್ಟೋ ಪದಗಳು ಟೇಪಿನ ಗೊರಗೊರ ಸದ್ದಿನಲ್ಲಿ ಮುಳುಗಿವೆ. ಅವು ಏನೆಂದು ಬಲ್ಲವಳು ಈಗ ಅಕ್ಕ ಒಬ್ಬಳೇ. ಅವಳು ಕೇಳಬೇಕು, ಹೇಳಬೇಕು, ನಾವು ಬರೆದುಕೊಳ್ಳಬೇಕು. "ಬೇಗ ಕಳ್ಸೇ ಮಾರಾಯ್ತಿ, ನಾನೇನು ಗುಂಡುಕಲ್ಲಾ?" ಅಂತ ಫೋನಿನಲ್ಲಿ ನಕ್ಕಳು. ನಗುತ್ತಲೇ ಹೇಳಿದರೂ ಮಾತು ನಾಟಿತು.

ನಮ್ಮ ಲ್ಯಾಪ್‌ಟಾಪು ಮಗ ಕಾಲೇಜಿನಲ್ಲಿದ್ದಾಗ, 2013ರಲ್ಲಿ ಕೊಂಡದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಅದರ ಮುಂದಿನ 11 ಹಾಕೋಣವೆಂದರೆ ಇಷ್ಟು ಹಳೆಯ ಯಂತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ. ಗಟ್ಟಿಮುಟ್ಟಾಗಿರುವುದನ್ನು ಗುಜರಿಗೆ ಹಾಕಲು ಮನಸ್ಸು ಬರುತ್ತದೆಯೆ? ಮಗ ರಜಕ್ಕೆ ಬಂದಾಗ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಲಿನಕ್ಸ್ ಅಂದರೆ 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು. ಆಮೇಲೆ ಲೋಕದ ಸಾವಿರಾರು ಜನ ಕೈ ಸೇರಿಸಿ ಬೆಳೆಸಿದರು. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಸಾರಿನ ಪುಡಿಯ ಗುಟ್ಟನ್ನು ಬಚ್ಚಿಡದೆ ಬೀದಿಗೆಲ್ಲ ಹೇಳಿಕೊಡುವ ಮನೆಯಾಕೆಯ ಹಾಗೆ ಅನ್ನಿ. ಎಲ್ಲ ಸರಿಹೋಯಿತು. ಲ್ಯಾಪ್‌ಟಾಪಿನೊಳಗಿದ್ದ ಸಿ.ಡಿ. ಯಂತ್ರ ಮಾತ್ರ ಓದುತ್ತಿತ್ತು, ಬರೆಯುತ್ತಿರಲಿಲ್ಲ. ವಯಸ್ಸಾದಂತೆ ಲೇಸರಿನ ಬಲ ಕುಂದುತ್ತದೆ. ಓದಲು ಸಾಕಾಗುವ ಬೆಳಕು ಬರೆಯಲು ಸಾಲದು.

ಅಂಗಡಿಗೆ ಹೋಗಿ ಯಾವ ಡಬ್ಬಿ ಎತ್ತಿ ನೋಡಿದರೂ ವಿಂಡೋಸ್, ಮ್ಯಾಕ್ ಅಂತ ಬರೆದಿರುತ್ತದೆ. ಲಿನಕ್ಸ್ ಹೆಸರು ಸಿಗುವುದು ಅಪರೂಪ. ಇದಕ್ಕೆ ಎದೆಗುಂದಬೇಡಿ. ಈಗಿನ ಸಿ.ಡಿ., ಡಿ.ವಿ.ಡಿ. ಯಂತ್ರಗಳೆಲ್ಲ ಎಂ.ಎಂ.ಸಿ. ಎಂಬ ಒಂದೇ ಆಜ್ಞೆಪಟ್ಟಿಗೆ ಬದ್ಧವಾಗಿರುತ್ತವೆ. ತಟ್ಟೆ ಹೊರಗೆ ಹಾಕು, ಇಷ್ಟು ವೇಗದಲ್ಲಿ ತಿರುಗು, ಇಲ್ಲಿಂದ ಬರೆ, ಬರೆದದ್ದನ್ನು ಮುಗಿಸು ಅನ್ನುವ ಆಜ್ಞೆಗಳು ಎಲ್ಲ ಕಂಪನಿಗೂ ಒಂದೇ. ಮನೆಯ ಮೂರು ಪಿನ್ನಿನ ಪ್ಲಗ್ಗು ಇಸ್ತ್ರಿಪೆಟ್ಟಿಗೆಗೂ ಆಗುತ್ತದೆ, ಮಿಕ್ಸಿಗೂ ಆಗುತ್ತದೆ ನೋಡಿ, ಹಾಗೆ. ಲಿನಕ್ಸಿಗೆ ಈ ಭಾಷೆ ಚೆನ್ನಾಗಿ ಬರುತ್ತದೆ. ಯಂತ್ರಕ್ಕೂ ಬಂದರೆ ಡಬ್ಬಿಯ ಮೇಲೆ ಏನು ಬರೆದಿದ್ದರೆ ನಮಗೇನು?

ಹಿಂದೆ ಇಷ್ಟು ಸಲೀಸಾಗಿರಲಿಲ್ಲ. 2003ರ ಡಿಸೆಂಬರಿನಲ್ಲಿ ಲಿನಕ್ಸಿನ 2.6ನೇ ಆವೃತ್ತಿ ಬರುವವರೆಗೆ, ಸಾಮಾನ್ಯ ರೈಟರಿಗೆ ಸ್ಕಸಿ ಎಂಬ ದುಬಾರಿ ಜಾತಿಯ ಯಂತ್ರದ ವೇಷ ಹಾಕಿಸಿದರೇನೇ ಅದು ಬರೆಯುತ್ತಿತ್ತು. ಹಳೆಯ ಪುಸ್ತಕಗಳಲ್ಲಿ ಈ ವೇಷ ಹಾಕಿಸುವ ವಿಧಾನ ಪುಟಗಟ್ಟಲೆ ಇದೆ. ಅದನ್ನು ಓದಿ ಗಾಬರಿಯಾಗಬೇಡಿ. ಈಗ ಅದು ಬೇಕಿಲ್ಲ.

ಆದರೆ ಎಲ್ಲ ಯಂತ್ರವೂ ಆಜ್ಞೆಪಟ್ಟಿಯನ್ನು ನಿಯತ್ತಾಗಿ ಪಾಲಿಸುತ್ತದೆ ಅಂತಲೂ ನಂಬಿ ಕೂರುವ ಹಾಗಿಲ್ಲ. 2003ರ ಅಕ್ಟೋಬರಿನಲ್ಲಿ ಮ್ಯಾಂಡ್ರೇಕ್ ಎಂಬ ಲಿನಕ್ಸಿನ 9.2ನೇ ಆವೃತ್ತಿ ಬಂತು. ಅದನ್ನು ಹಾಕಿಕೊಳ್ಳಲು ಹೋದ ಕೆಲವರ ಸಿ.ಡಿ. ಯಂತ್ರಗಳು ಅಲ್ಲಿಗೇ ಕೆಟ್ಟು ಕೂತವು. ವಿಚಾರಿಸಿ ನೋಡಿದರೆ ಅವು ಎಲ್.ಜಿ. ಕಂಪನಿಯ, ಬರೀ ಓದುವ ಯಂತ್ರಗಳು. 'ಕೈಯಲ್ಲಿರುವುದನ್ನೆಲ್ಲ ಬರೆದು ಮುಗಿಸು' ಅನ್ನುವ ಆಜ್ಞೆಯೊಂದಿದೆ. ಬರೆಯದ ಯಂತ್ರಕ್ಕೆ ಈ ಆಜ್ಞೆ ಯಾಕೆಂದು, ಅದನ್ನೇ ಯಂತ್ರದ ಒಳ ತಂತ್ರಾಂಶವನ್ನು ಬದಲಿಸುವ ಆಜ್ಞೆಯಾಗಿ ಬಳಸಿಕೊಂಡಿದ್ದರು! ಲಿನಕ್ಸ್ ಒಂದು ಹೇಳಿತು, ಯಂತ್ರ ಇನ್ನೊಂದು ಕೇಳಿಸಿಕೊಂಡಿತು. 'ಅಕ್ಕಿ ತೊಳಿ' ಅಂದರೆ ಚೆಲ್ಲಿ ಬಂದಂತಾಯಿತು. ಆಮೇಲೆ ಎರಡು ಕಡೆಯವರೂ ಪರಿಹಾರ ಕೊಟ್ಟರು. ಹೊಂದಾಣಿಕೆ ಅಂದರೆ ಏನೆಂದು ನನಗೆ ಅರ್ಥವಾದದ್ದು ಈ ಕಥೆಯಿಂದಲೇ: ಎಲ್ಲರೂ ಒಪ್ಪಿದ ಮಾತಿಗೆ ತನ್ನದೇ ಅರ್ಥ ಹಚ್ಚದ ಯಂತ್ರ ಬೇಕು.

ಹಾಗೇ, ತನ್ನ ಮನೆಯವರ ಮಾತು ಬಿಟ್ಟು ಬೇರೆಯವರದು ಕೇಳದ ಯಂತ್ರವೂ ಬೇಡ. ಆಪಲ್ ಕಂಪನಿಯ ಸೂಪರ್‌ಡ್ರೈವ್ ಅಂತ ಒಂದಿತ್ತು. ತೆಳ್ಳಗೆ, ಬೆಳ್ಳಗೆ, ನೋಡಲು ಬಲು ಚೆಂದ. 2024ರಿಂದ ಅದರ ಮಾರಾಟ ನಿಂತಿದೆ, ಆದರೆ ನೆಂಟರಿಷ್ಟರ ಬೀರುಗಳಲ್ಲಿ ಇನ್ನೂ ಇದೆ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ತಟ್ಟೆಯನ್ನು ಒಳಗೇ ಎಳೆದುಕೊಳ್ಳುವುದಿಲ್ಲ. ಅದನ್ನು ಎಚ್ಚರಿಸಲು ಗುಟ್ಟಿನ ಆಜ್ಞೆಯೊಂದನ್ನು ಕಳಿಸಬೇಕು. ಲಿನಕ್ಸಿನಿಂದ ಅದನ್ನೂ ಕಳಿಸಬಹುದು, ಬಲ್ಲವರು ಕಳಿಸುತ್ತಾರೆ. ಆದರೆ ದಿನಾ ಬೆಳಗ್ಗೆ ಮಂತ್ರ ಹೇಳಿ ಎಬ್ಬಿಸುವ ಯಂತ್ರ ನಮಗ್ಯಾಕೆ? ಬಿಟ್ಟಿ ಸಿಕ್ಕರೂ ತರಬೇಡಿ. ಇನ್ನು, ಡಬ್ಬಿಯ ಮೇಲೆ ದೊಡ್ಡದಾಗಿ ಹೊಗಳಿಕೊಂಡಿರುವ ಗುಪ್ತಪದದ ಬೀಗ, ಅದು ಇದು ಅನ್ನುವ ಸೌಕರ್ಯಗಳು ಸಾಮಾನ್ಯವಾಗಿ ಕಂಪನಿಯದೇ ವಿಂಡೋಸ್ ತಂತ್ರಾಂಶದಿಂದ ನಡೆಯುವಂಥವು. ಅವಕ್ಕೆ ಹೆಚ್ಚಿನ ದುಡ್ಡು ತೆರುವುದು ದಂಡ.

ಒಳಗಿನ ಯಂತ್ರವನ್ನೇ ಬದಲಾಯಿಸಬಹುದಲ್ಲ ಅಂತ ಮೊದಲು ಯೋಚಿಸಿದ್ದೆ. ಲ್ಯಾಪ್‌ಟಾಪಿನ ಯಂತ್ರಗಳು 12.7 ಮಿ.ಮೀ. ಮತ್ತು 9.5 ಮಿ.ಮೀ. ಅಂತ ಎರಡು ದಪ್ಪದಲ್ಲಿ ಬರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಹೊರಗಿನಿಂದ ಯು.ಎಸ್.ಬಿ. ತಂತಿಯಲ್ಲಿ ಸಿಕ್ಕಿಸುವುದೇ ಮೇಲು; ನಾಳೆ ಈ ಲ್ಯಾಪ್‌ಟಾಪು ಹೋದರೂ ಅದು ಉಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಕೇಳಿ. ಲಿನಕ್ಸಿನ ತಲೆಗೆ ಕಟ್ಟುವ ಎಷ್ಟೋ ದೋಷಗಳು ನಿಜವಾಗಿ ಕರೆಂಟಿನದು. ಹಳೆಯ ಯು.ಎಸ್.ಬಿ. 2 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್, 3 ಕೊಡುವುದು 900. ಬರೆಯುವಾಗ ಲೇಸರಿಗೂ ಮೋಟರಿಗೂ ಒಟ್ಟಿಗೆ ಬಲ ಬೇಕು. ಸಾಲದೆ ಹೋದರೆ ಯಂತ್ರ ಟಕ್ ಟಕ್ ಅಂದು ನಡುವೆಯೇ ಕೈ ಬಿಡುತ್ತದೆ, ತಟ್ಟೆ ಹಾಳು. ನೀಲಿ ನಾಲಿಗೆಯ ಕಿಂಡಿಯಿದ್ದರೆ ಸಾಮಾನ್ಯವಾಗಿ ಅದು 3, ಅದಕ್ಕೇ ಸಿಕ್ಕಿಸಿ. ಇಲ್ಲವಾದರೆ ಎರಡು ತಲೆಯ ತಂತಿಯಿರುವ ಯಂತ್ರ ಕೇಳಿ ತನ್ನಿ. ನಾಲ್ಕು ಕಿಂಡಿಯ ಅಗ್ಗದ ಹಬ್ಬಿಗೆ ಮಾತ್ರ ಸಿಕ್ಕಿಸಬೇಡಿ.

ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಒಬ್ಬ ಅಂಗಡಿಯಾತ, "ಎಲ್ಲದಕ್ಕೂ ಆಗತ್ತೆ ಮೇಡಂ, ಕಣ್ಮುಚ್ಚಿ ತಗೊಂಡೋಗಿ" ಅಂದ. ಸಿಕ್ಕಿಸಿ ನೋಡುತ್ತೇನೆ ಅಂದರೆ ಡಬ್ಬಿ ಒಡೆಯಲು ಒಪ್ಪಲಿಲ್ಲ. ಕಣ್ಮುಚ್ಚಿ ತಗೊಳ್ಳಕ್ಕೆ ಅದೇನು ದೇವರ ಪ್ರಸಾದವೇ? ಮುಂದಿನ ಅಂಗಡಿಯ ಹುಡುಗ ಒಳ್ಳೆಯವನು, "ನೋಡಿ ಅಮ್ಮಾ" ಅಂತ ತಾನೇ ಬಿಚ್ಚಿಕೊಟ್ಟ.

ಪರೀಕ್ಷೆ ಸುಲಭ. ಸಿಕ್ಕಿಸಿದ ಮೇಲೆ ಲಿನಕ್ಸಿನಲ್ಲಿ ಪ್ರಾಕ್ ಎಂಬ ಕಪಾಟು, ಅದರೊಳಗೆ ಸಿಸ್, ಅದರೊಳಗೆ ಡೆವ್, ಅದರೊಳಗೆ ಸಿಡಿರಾಮ್ ತೆರೆಯುತ್ತ ಹೋಗಿ. ಇನ್ಫೋ ಎಂಬ ಕಡತ ಸಿಗುತ್ತದೆ. ಸಿ.ಡಿ. ಬರೆಯಬಲ್ಲುದೆ, ಡಿ.ವಿ.ಡಿ. ಬರೆಯಬಲ್ಲುದೆ ಅನ್ನುವ ಸಾಲುಗಳ ಎದುರಿಗೆ 1 ಇದ್ದರೆ ಹೌದು, 0 ಇದ್ದರೆ ಇಲ್ಲ. ಯಂತ್ರ ತನ್ನ ಬಾಯಿಂದಲೇ ಕೊಟ್ಟ ಸಾಕ್ಷಿ ಅದು. (ಬ್ಲೂ-ರೇ ವಿಷಯ ಆ ಪಟ್ಟಿಯಲ್ಲಿ ಬರುವುದಿಲ್ಲ.) ಅಷ್ಟಕ್ಕೇ ಬಿಡದೆ, ಜೊತೆಗೆ ಒಯ್ದಿದ್ದ ಖಾಲಿ ಸಿ.ಡಿ. ಹಾಕಿ ಕೆ3ಬಿ ತಂತ್ರಾಂಶದಲ್ಲಿ ಒಂದು ಹಾಡು ಬರೆಸಿದೆ. ಬ್ರಸೆರೋ ಆದರೂ ಆದೀತು. ಹುಡುಗನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಮ್ಮನ ಆರತಿ ಹಾಡು ಕೇಳಿದಾಗ ದುಡ್ಡು ಎಣಿಸಿಕೊಟ್ಟೆ. ಒಂದು ವೇಳೆ ಯಂತ್ರ ಕಂಡರೂ 'ಅನುಮತಿ ಇಲ್ಲ' ಅಂತ ಬಂದರೆ ತಪ್ಪು ಯಂತ್ರದ್ದಲ್ಲ. ಡೆಬಿಯನ್‌ನಂಥ ಲಿನಕ್ಸುಗಳಲ್ಲಿ ನಿಮ್ಮ ಹೆಸರು ಸಿಡಿರಾಮ್ ಎಂಬ ಗುಂಪಿನಲ್ಲಿ ಇರಬೇಕು.

ಮನೆಗೆ ಬಂದು ಕ್ಯಾಸೆಟ್ಟಿಗೊಂದರಂತೆ ಎರಡು ಸಿ.ಡಿ. ಮಾಡಿದೆ. ಸಿ.ಡಿ.ಗೆ 80 ನಿಮಿಷ ಹಿಡಿಯುತ್ತದೆ, ಕ್ಯಾಸೆಟ್ಟಿನದು ಅರವತ್ತು. ಹಳೆಯ ಪ್ಲೇಯರಿಗೆ ಕೊಡುವುದಾದರೆ ಅಳಿಸಿ ಬರೆಯುವ ಆರ್.ಡಬ್ಲ್ಯು. ತಟ್ಟೆ ಬೇಡ, ಎಷ್ಟೋ ಪ್ಲೇಯರುಗಳಿಗೆ ಅದು ಓದಲು ಬರುವುದಿಲ್ಲ, ಆಡಿಯೋ ಸಿ.ಡಿ. ಎಂದೇ ಆರಿಸಿ, ಒಮ್ಮೆ ಮಾತ್ರ ಬರೆಯುವ ತಟ್ಟೆಯಲ್ಲಿ ಬರೆಯಿರಿ. ಯಂತ್ರಕ್ಕೆ ಇಪ್ಪತ್ನಾಲ್ಕರ ವೇಗವಿದ್ದರೂ ಹತ್ತೋ ಹದಿನಾರೋ ಸಾಕು. ಅಕ್ಕನ ಪ್ಲೇಯರಿನಲ್ಲಿ ಎರಡೂ ಹಾಡಿದವು. ಅವಳ ಮೊಮ್ಮಗಳು ಪಕ್ಕದಲ್ಲಿ ಕೂತು ಒಂದೂವರೆ ಪುಟ ಪದಗಳನ್ನು ಬರೆದುಕೊಂಡಳು. ಉರುಟಣೆ ಹಾಡಿನ ಒಂದು ಸಾಲು ಮಾತ್ರ ಅಕ್ಕನಿಗೂ ಹೊಳೆಯಲಿಲ್ಲ. ಮೂರು ಸಲ ಹಾಕಿಸಿಕೊಂಡು ಕೇಳಿದಳಂತೆ. "ನಾಳೆ ನೆನಪಾಗತ್ತೆ, ತಡಿ" ಅಂದಿದ್ದಾಳೆ.

ಅದೇ ಹಾಡುಗಳನ್ನು ಕುಗ್ಗಿಸದೆ ಇಟ್ಟರೆ ನಿಮಿಷಕ್ಕೆ ಹತ್ತು ಎಂ.ಬಿ. ಲೆಕ್ಕದಲ್ಲಿ 1.2 ಜಿ.ಬಿ. ಆಗುತ್ತದೆ. 4.7 ಜಿ.ಬಿ.ಯ ಒಂದು ಡಿ.ವಿ.ಡಿ.ಯಲ್ಲಿ ಹಾಡೂ ಕೂತಿತು, ಹಳೆಯ ಫೋಟೋಗಳೂ ಕೂತವು. ಬಹುಕಾಲ ಇಡಲು ಎಂ-ಡಿಸ್ಕ್ ಅಂತ ಒಂದು ಬಂದಿದೆ. ಅದರ ಡಿ.ವಿ.ಡಿ. ಬರೆಯಲು ಆ ಗುರುತಿರುವ ಯಂತ್ರವೇ ಬೇಕು. ಡಬ್ಬಿಯ ಮೇಲೆ ಹುಡುಕಬೇಕಾದ ಹೆಸರು ಲಿನಕ್ಸಲ್ಲ, ಇದು. ಸಾವಿರ ವರ್ಷ ಬಾಳುತ್ತದೆ ಅಂತ ಅದನ್ನು ಮಾಡಿದವರು ಹೇಳಿಕೊಂಡಿದ್ದರು. ಪರೀಕ್ಷಿಸಲು ನಾವ್ಯಾರೂ ಇರುವುದಿಲ್ಲ ಬಿಡಿ. ಆ ಮೂಲ ಕಂಪನಿಯೇ 2016ರಲ್ಲಿ ದಿವಾಳಿಯಾಯಿತು.

ಸೋನಿ ಕಂಪನಿ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಆದ್ದರಿಂದ ಯಂತ್ರ ಕೊಳ್ಳುವ ದಿನವೇ ಒಳ್ಳೆಯ ಖಾಲಿ ತಟ್ಟೆಗಳನ್ನೂ ಹತ್ತು ಹೆಚ್ಚಿಗೆ ತಂದಿಡಿ. ಬಿಸಿಲು ಬೀಳದ ಕಪಾಟಿನಲ್ಲಿ, ಮಲಗಿಸದೆ ನಿಲ್ಲಿಸಿ ಇಡಿ. ಮಲೆನಾಡಿನವರು ಥಂಡಿಯಿಂದಲೂ ಕಾಪಾಡಬೇಕು. ಹೆಸರು ಬರೆಯುವುದಿದ್ದರೆ ಬಾಲ್‌ಪೆನ್ ಬೇಡ, ಸಿ.ಡಿ.ಗೆಂದೇ ಸಿಗುವ ಮಾರ್ಕರಿನಿಂದ ನಡುವಿನ ಬಳೆಯ ಮೇಲೆ ಬರೆಯಿರಿ. ನಮ್ಮ ಸೆಟ್ಟಿನಲ್ಲಿ ಒಂದು ಸಾಗರದಲ್ಲಿದೆ, ಒಂದು ಅಣ್ಣನ ಮನೆಯಲ್ಲಿ, ಒಂದು ನನ್ನ ಸೀರೆಯ ಬೀರುವಿನಲ್ಲಿ, ಹತ್ತಿಯ ಬಟ್ಟೆಗಳ ಕಡೆ.