ಹುಳು ಮನೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆ

ಶಿಡ್ಲಘಟ್ಟ, ಬೆಳಿಗ್ಗೆ: ರೇಷ್ಮೆ ಹುಳು ಮನೆಯ ಬಾಗಿಲಲ್ಲೇ ತಡೆದರು. "ಬೀಡಿ, ಹೊಗೆಸೊಪ್ಪು ಏನಾನ ಮುಟ್ಟಿದ್ರಾ ಸಾರ್? ಮುಟ್ಟಿದ್ರೆ ಕೈ ತೊಳ್ಕೊಂಡು ಬನ್ನಿ." ಒಳಗೆ ಹುಳಗಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿದ್ದವು. ಹಾಸಿಗೆಯ ತೇವ ಹೀರಲೆಂದು ಮೇಲೆ ಸುಣ್ಣದ ಪುಡಿ ಎರಚಿದ್ದರು. ಬೆರಳಿಗಂಟಿದ ಚೂರು ಹೊಗೆಸೊಪ್ಪಿಗೆ ಇಷ್ಟು ಭಯವೇ?

ಚಿಂತಾಮಣಿ ರಸ್ತೆ: ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುತ್ತಿದ್ದರು. ಗಾಳಿ ಹಿಪ್ಪುನೇರಳೆಯ ಕಡೆಗಿತ್ತು. ಆ ತುಂತುರು ತಾಗಿದ ಸೊಪ್ಪು ತಿಂದರೆ ಹುಳ ರಸ ಕಕ್ಕಿ ಸಾಯುತ್ತದೆ. ಸೊಪ್ಪು ಮಾತ್ರ ಕಣ್ಣಿಗೆ ಹಸಿರಾಗಿಯೇ ಇರುತ್ತದೆ.

ರಾತ್ರಿ, ಬಾಹ್ಯಾಕಾಶ ನೌಕೆಯೊಳಗಿನ ಗಾಳಿಯ ಬಗ್ಗೆ ಓದುತ್ತಾ: ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ. ಅಪೊಲೊ ನೌಕೆಗಳಲ್ಲಿ ಅದನ್ನು ಹಿಡಿದದ್ದು ಲಿಥಿಯಂ ಹೈಡ್ರಾಕ್ಸೈಡ್, ಗುಣದಲ್ಲಿ ನಮ್ಮ ಸುಣ್ಣದ ದಾಯಾದಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿಯೋಲೈಟ್ ಎಂಬ ರಂಧ್ರಮಯ ಖನಿಜದ ಕಾಳುಗಳು. ಸೋಜಿಗ ಇಲ್ಲಿದೆ: ಲಿಥಿಯಂ ಹೈಡ್ರಾಕ್ಸೈಡ್‌ಗೆ ಸ್ವಲ್ಪ ತೇವ ಬೇಕೇ ಬೇಕು, ಜಿಯೋಲೈಟ್‌ಗೆ ತೇವವೇ ವೈರಿ. ಅದರ ರಂಧ್ರಗಳು ನೀರಿಗೇ ಮೊದಲು ಜಾಗ ಕೊಟ್ಟುಬಿಡುತ್ತವೆ. ಹಾಗಾಗಿ ನಿಲ್ದಾಣದ ಗಾಳಿ ಒಣಗಿದ ಮೇಲೆಯೇ ಜಿಯೋಲೈಟ್‌ಗೆ ಬರುತ್ತದೆ. ಒಂದಕ್ಕೆ ಆಸರೆಯಾದದ್ದು ಇನ್ನೊಂದಕ್ಕೆ ಕೊಳೆ!

2010: ನಿಲ್ದಾಣದಲ್ಲಿ ಶುದ್ಧಿ ಮಾಡಿದ ನೀರಿನಲ್ಲಿ ಸಾವಯವ ಇಂಗಾಲ ಏರತೊಡಗಿತು. ಸಿಕ್ಕಿದ್ದು ಡೈಮೀಥೈಲ್‌ಸಿಲೇನ್‌ಡಯಾಲ್ ಎಂಬ ಸಿಲಿಕಾನ್ ಸಂಯುಕ್ತ. ಅದರ ಮೂಲ ಗಾಳಿಯಲ್ಲಿದ್ದ ಸಿಲಾಕ್ಸೇನ್‌ಗಳು; ಅವು ಬರುವುದು ಅಂಟಿನಿಂದ, ಮೈಗೆ ತಲೆಗೆ ಹಚ್ಚುವ ಸಾಮಗ್ರಿಯಿಂದ. ಗಾಳಿಗೆ ಸೇರಿದ್ದು ನೀರಿನಲ್ಲಿ ಸಿಕ್ಕಿಬಿತ್ತು.

ಗಾಳಿಯ ಇಂಥ ಕಲ್ಮಶ ಜಿಯೋಲೈಟ್ ಕಾಳನ್ನು ಕೆಡಿಸುತ್ತದೆಯೇ, ಪರೀಕ್ಷೆ ಹೇಗೆ?: ಕಾಳು ತುಂಬಿದ ಕೊಳವೆಯ ಒಂದು ತುದಿಯಿಂದ ಅಳೆದು ಬೆರೆಸಿದ ಗಾಳಿ ಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಹೊತ್ತಿಗೆ ನುಸುಳಿತೆಂದು ನೋಡುತ್ತಾರೆ. ಅದೇ ಗಾಳಿಗೆ ಚೂರು ಅಮೋನಿಯ, ಚೂರು ಮದ್ಯಸಾರ ಬೆರೆಸಿ ಮತ್ತೆ ನೋಡುತ್ತಾರೆ. ಮೊದಲಿಗಿಂತ ಬೇಗ ನುಸುಳಿದರೆ ಕಾಳು ಸೋತಿದೆ ಎಂದರ್ಥ.

ಕೊನೆಯ ಮಾತು: ಗಗನಯಾನದ ಉಸಿರಿನ ವ್ಯವಸ್ಥೆಯನ್ನು ಇಸ್ರೋ ತಾನೇ ರೂಪಿಸುತ್ತಿದೆ. ಶುದ್ಧ ಗಾಳಿಯಲ್ಲಿ ಗೆದ್ದ ಕಾಳಿನ ಲೆಕ್ಕವೊಂದನ್ನೇ ನಂಬುವಂತಿಲ್ಲ. ಬೆವರು, ಅಂಟು, ತಲೆಗೆ ಹಚ್ಚಿದ ಎಣ್ಣೆ, ಎಲ್ಲದರ ಆವಿಯನ್ನೂ ನೆಲದ ಮೇಲೇ ಕಾಳಿಗೆ ಕುಡಿಸಿ ನೋಡಬೇಕು. ಬಾಗಿಲು ಮುಚ್ಚಿದ ಮೇಲೆ ಕೈ ತೊಳೆದು ಬನ್ನಿ ಎನ್ನಲಾಗದು.