ಅಪ್ಪ ಕೊಟ್ಟ ಮಿತಿ

ಯೂನಿಕ್ಸಿನಲ್ಲಿ ಓಡುವ ಪ್ರೋಗ್ರಾಮಿಗೆ ಪ್ರೋಸೆಸ್ ಅಂತ ಹೆಸರು. ಮೊಟ್ಟಮೊದಲನೆಯದನ್ನು ಬಿಟ್ಟರೆ ಸಾಮಾನ್ಯವಾಗಿ ಪ್ರತಿ ಪ್ರೋಸೆಸ್ಸಿಗೂ ಒಬ್ಬ ಅಪ್ಪ ಇರುತ್ತಾನೆ. ಅಪ್ಪ ಫೋರ್ಕ್ ಮಾಡಿದಾಗ ಮಗ ಹುಟ್ಟುತ್ತಾನೆ. ಎಷ್ಟು ಫೈಲು ತೆರೆದಿಡಬಹುದು, ಸಿಪಿಯುವನ್ನು ಎಷ್ಟು ಸೆಕೆಂಡು ಬಳಸಬಹುದು ಇತ್ಯಾದಿ ಮಿತಿಗಳೆಲ್ಲ ಅಪ್ಪನಿಂದ ನಕಲಾಗಿ ಬರುತ್ತವೆ. ಮುಂದೆ ಮಗ ಎಕ್ಸೆಕ್ ಮಾಡಿ ಬೇರೆ ಪ್ರೋಗ್ರಾಮಿನ ವೇಷ ಹಾಕಿದರೂ ಮಿತಿ ಬದಲಾಗುವುದಿಲ್ಲ.

ಹಾಗಂತ ಇದು ಆಸ್ತಿಯ ಪಾಲಲ್ಲ. ಅಪ್ಪನಿಗೆ 1024 ಫೈಲಿನ ಮಿತಿ ಇದ್ದರೆ ನಾಲ್ಕು ಮಕ್ಕಳು ಅದನ್ನು ಹಂಚಿಕೊಳ್ಳಬೇಕಿಲ್ಲ, ಪ್ರತಿಯೊಬ್ಬನಿಗೂ ಪೂರ್ತಿ 1024. ಆದರೆ ಹುಟ್ಟಿದ ಮೇಲೆ ಅಪ್ಪ ತನ್ನ ಮಿತಿ ಏರಿಸಿಕೊಂಡರೆ ಮಗನಿಗೆ ಅದರ ಸುದ್ದಿಯೇ ಇಲ್ಲ!

ಹಿಂದೊಮ್ಮೆ ನಾನಿದ್ದ ಆಫೀಸಿನಲ್ಲಿ ಒಂದು ಸರ್ವರ್ ‘ಟೂ ಮೆನಿ ಓಪನ್ ಫೈಲ್ಸ್’ ಅಂತ ಹಟ ಹಿಡಿದಿತ್ತು. ಗೆಳೆಯನೊಬ್ಬ ಸೆಟಿಂಗ್ ಫೈಲಿನಲ್ಲಿ ಮಿತಿಯನ್ನು 65536 ಮಾಡಿದ. ಊಹೂಂ, ಅದೇ ದೂರು. “ಬರೆದದ್ದು ಓದೋದೇ ಇಲ್ವಲ್ಲ ಮಾರಾಯ ಇದು!” ಅಂದ. ಆ ಫೈಲನ್ನು ಓದುವುದು ಹೊಸದಾಗಿ ಲಾಗಿನ್ ಆಗುವಾಗ ಮಾತ್ರ; ಸರ್ವರ್ ಹುಟ್ಟಿದ್ದು ಅದಕ್ಕೂ ಮೊದಲು. ಮತ್ತೆ ಲಾಗಿನ್ ಆಗಿ, ಸರ್ವರನ್ನು ನಿಲ್ಲಿಸಿ ಶುರು ಮಾಡಿದೆವು. ಸರಿಹೋಯಿತು. ಲಿನಕ್ಸಿಗೆ 2010ರಲ್ಲಿ ಪಿಆರ್‌ಲಿಮಿಟ್ ಬಂದ ಮೇಲೆ ಓಡುತ್ತಿರುವ ಪ್ರೋಸೆಸ್ಸಿನ ಮಿತಿಯನ್ನೂ ಹೊರಗಿನಿಂದ ಬದಲಿಸಬಹುದು.

ಯೂಲಿಮಿಟ್ ಆಜ್ಞೆ ಶೆಲ್ಲಿನ ಒಳಗೇ ಇರುವುದೂ ಇದೇ ಕಾರಣಕ್ಕೆ. ಬೇರೆ ಪ್ರೋಗ್ರಾಮಾಗಿದ್ದರೆ ಅದು ತನ್ನ ಮಿತಿಯನ್ನಷ್ಟೇ ಬದಲಿಸಿಕೊಂಡು ಸಾಯುತ್ತಿತ್ತು, ಶೆಲ್ಲು ಇದ್ದಲ್ಲೇ ಇರುತ್ತಿತ್ತು.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಸಂಗತಿ. ಪ್ರತಿ ಮಿತಿಗೂ ಎರಡು ಅಂಕಿ: ಸಾಫ್ಟ್ ಮತ್ತು ಹಾರ್ಡ್. ನಿಜವಾಗಿ ತಡೆಯುವುದು ಸಾಫ್ಟ್. ಅದನ್ನು ಹಾರ್ಡ್ ಮಿತಿಯ ತನಕ ಪ್ರೋಸೆಸ್ ತಾನೇ ಏರಿಸಿಕೊಳ್ಳಬಹುದು, ಯಾರ ಅಪ್ಪಣೆಯೂ ಬೇಡ. ಹಾರ್ಡ್ ಮಿತಿಯನ್ನು ಇಳಿಸಿಕೊಂಡರೆ ಮಾತ್ರ ಕಷ್ಟ, ಮತ್ತೆ ಏರಿಸಲು ರೂಟ್‌ನ ಅಧಿಕಾರವೇ ಬೇಕು. ಎಷ್ಟೋ ಪ್ರೋಗ್ರಾಮುಗಳು ಏರಿಸಿಕೊಳ್ಳುವ ಗೋಜಿಗೇ ಹೋಗದೆ, ಬಂದ 1024ರಲ್ಲೇ ಏದುಸಿರು ಬಿಡುತ್ತವೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೀಟಿಂಗಿನಲ್ಲಿ ಎದ್ದು ಪ್ರಶ್ನೆ ಕೇಳುವುದು ನಮ್ಮಂಥವರ ಕೆಲಸವಲ್ಲ ಅಂತ ವರ್ಷಗಟ್ಟಲೆ ಸುಮ್ಮನೆ ಕೂತಿದ್ದೆ. ಹಾಗಂತ ನನಗೆ ಯಾರೂ ಹೇಳಿರಲಿಲ್ಲ, ಮನೆಯಿಂದ ಹಾಗೇ ನಕಲಾಗಿ ಬಂದಿತ್ತು. ಒಂದು ದಿನ ಎದ್ದು ಕೇಳಿಯೇಬಿಟ್ಟೆ. ಯಾರೂ ತಡೆಯಲಿಲ್ಲ.

ಅದು ಬರೀ ಸಾಫ್ಟ್ ಲಿಮಿಟ್ಟು ನೋಡಿ!