ಲಿಸ್ಟ್‌ನ ಮೂರನೇ ಕಾಲಂ

ಕೂಸಿನ ಜೊತೆ ಭಾರತಕ್ಕೆ ಹೋಗಿಬಂದ ಗೆಳೆಯರೆಲ್ಲರ ಹತ್ತಿರವೂ ಒಂದು ಪ್ಯಾಕಿಂಗ್ ಲಿಸ್ಟ್ ಇರುತ್ತದೆ. ಕಳೆದ ಡಿಸೆಂಬರ್‌ಗೆ ನಾವು ಅಮೆರಿಕದಿಂದ ಹೊರಡ್ತೀವಿ ಅಂತ ಗೊತ್ತಾಗಿದ್ದೇ ತಡ, ವಾಟ್ಸಾಪ್‌ಗೆ ಅಂಥ ಐದು ಲಿಸ್ಟ್ ಬಂದವು. ನೀರು ಶುದ್ಧ ಮಾಡುವ ಮಾತ್ರೆ, ಎರಡು ತಿಂಗಳಿಗಾಗುವಷ್ಟು ಡೈಪರ್, ಮಡಚುವ ತೊಟ್ಟಿಲು, ಬೇರೆ ತಟ್ಟೆ, ಬೇರೆ ಲೋಟ. ಒಂದರ ತಲೆಬರಹ 'ಅಭಿವೃದ್ಧಿಶೀಲ ದೇಶಕ್ಕೆ ಹೊರಟ ಮಗುವಿಗೆ' ಎಂದಿತ್ತು. ಆ ದೇಶ ಅಂದರೆ ನನ್ನ ಮಟ್ಟಿಗೆ ತಾರಿಹಾಳ. ಹುಬ್ಬಳ್ಳಿಯ ಅಂಚಿನ ಕೈಗಾರಿಕಾ ಪ್ರದೇಶ, ಅಪ್ಪ ಇಡೀ ಜೀವನ ಲೇಥ್ ಮುಂದೆ ನಿಂತ ಶೆಡ್ಡು, ಬೈಪಾಸಿನ ಲಾರಿ ಸದ್ದು ಕೇಳುತ್ತಾ ನಾನು ನಿದ್ದೆ ಹೋಗುತ್ತಿದ್ದ ಮನೆ.

ಎಂಜಿನಿಯರ್ ಬುದ್ಧಿ, ಐದೂ ಲಿಸ್ಟನ್ನು ಒಂದು ಶೀಟ್‌ಗೆ ಹಾಕಿದೆ. ಮೊದಲು ಎರಡೇ ಕಾಲಂ ಇದ್ದವು: 'ಊರಲ್ಲಿ ಸಿಗುತ್ತೆ', 'ಊರಲ್ಲಿ ಸಿಗಲ್ಲ'. ಒಂದು ರಾತ್ರಿ ಮೂರನೆಯದನ್ನು ಸೇರಿಸಿದೆ: 'ಒಯ್ದರೆ ಅವ್ವನಿಗೆ ನೋವಾಗುತ್ತೆ'. ಬೇರೆ ತಟ್ಟೆ-ಲೋಟ, ಮಡಚುವ ತೊಟ್ಟಿಲು, ನೀರಿನ ಮಾತ್ರೆ ಮೂರೂ ಅಲ್ಲಿಗೆ ಹೋದವು.

ಹೆಂಡತಿ ಮೈಸೂರಿನವಳು. ಶೀಟ್ ನೋಡಿ ನೇರವಾಗಿ ಕೇಳಿದಳು, "ನಿಮ್ಮಮ್ಮನಿಗೆ ಬೇಜಾರಾಗುತ್ತೆ ಅಂತ ಮಗು ಹೊಟ್ಟೆ ಕೆಡಿಸೋಕಾಗುತ್ತಾ?"

ಪ್ರಶ್ನೆ ಸರಿಯಾಗೇ ಇತ್ತು. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರೋದಿಲ್ಲ. ಬಂದ ದಿನ ಬ್ಯಾರಲ್, ಕೊಡ, ಬಕೆಟ್ ಎಲ್ಲಾ ತುಂಬಿಸಿಡಬೇಕು. ಹಾಗೆ ನಿಂತ ಒಳ್ಳೆಯ ನೀರಲ್ಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ, ಅದೂ ಹಗಲಲ್ಲಿ ಕಚ್ಚುವ ಸೊಳ್ಳೆ. ಅವ್ವನ ಮನಸ್ಸು ಕಾಯಬೇಕು ನಿಜ, ಆದರೆ ಸೊಳ್ಳೆಗೆ ಅದೆಲ್ಲ ಗೊತ್ತಾಗಲ್ಲವಲ್ಲ. ಹಾಗಾಗಿ ಒಂದೊಂದು ವಸ್ತುವಿಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆವು: ಇದು ನಿಜವಾಗಿ ಯಾವ ಅಪಾಯ ತಪ್ಪಿಸುತ್ತೆ?

ನೀರಿಗೆ ಉತ್ತರ ಸುಲಭವಿತ್ತು. ಚೆನ್ನಾಗಿ ಕುದಿಸಿದರೆ ಸಾಕು, ಮಾತ್ರೆ ಬೇಡ. ಡಬ್ಬಿ ಹಾಲಿನ ಪುಡಿಯನ್ನು ಕನಿಷ್ಠ 70 ಡಿಗ್ರಿ ಬಿಸಿ ಇರುವ ನೀರಲ್ಲಿ ಕಲಸಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಯಾಕೆಂದರೆ ಆ ಪುಡಿಯೇ ಪೂರ್ತಿ ಕ್ರಿಮಿರಹಿತ ಅಲ್ಲ. ಕುಡಿಸುವ ಮೊದಲು ಆರಿಸಬೇಕು ಅಷ್ಟೆ. ಈ ನಿಯಮ ನ್ಯೂಯಾರ್ಕ್‌ಗೂ ಒಂದೇ, ತಾರಿಹಾಳಕ್ಕೂ ಒಂದೇ.

ಭೇದಿಗೆ ಓಆರ್‌ಎಸ್. ಎಲ್ಲಾ ಲಿಸ್ಟ್‌ಗಳೂ 'ಇಲ್ಲಿಂದಲೇ ಒಯ್ಯಿರಿ' ಎಂದಿದ್ದವು. ಓದಿ ನಗು ಬಂತು. ಓಆರ್‌ಎಸ್ ಜಗತ್ತಿನ ನಂಬಿಕೆ ಗಳಿಸಿದ್ದೇ ನಮ್ಮ ಕಡೆಯ ನೆಲದಲ್ಲಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಜನರಿಗೆ ಕುಡಿಸಿದರು. ಸಾವುಗಳು ಗಣನೀಯವಾಗಿ ಇಳಿದವು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಇವತ್ತು ಓಣಿಯ ಔಷಧಿ ಅಂಗಡಿಯಲ್ಲೂ ಅದರ ಪೊಟ್ಟಣ ಸಿಗುತ್ತದೆ. ನೋಡಬೇಕಾದ್ದು ಒಂದೇ, ಅದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಹೌದೋ ಅಲ್ಲವೋ. ಸಕ್ಕರೆ ತುಂಬಿದ ಪಾನೀಯಗಳಿಗೆ ಓಆರ್‌ಎಸ್ ಅನ್ನೋ ಹೆಸರು ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಒಂದು ಲೀಟರಿನ ಪೊಟ್ಟಣವಾದರೆ ಇಡೀ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಹಾಕಬೇಕು, 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಟೈಫಾಯಿಡ್ ವಿಷಯ ಇನ್ನೂ ಮಜಾ. ಅಮೆರಿಕದಲ್ಲಿ ಕೊಡುವ ಟೈಫಾಯಿಡ್ ಚುಚ್ಚುಮದ್ದು ಎರಡು ವರ್ಷ ತುಂಬಿದವರಿಗೆ ಮಾತ್ರ. ಆರು ತಿಂಗಳ ಕೂಸಿಗೂ ಕೊಡಬಹುದಾದ ಕಾಂಜುಗೇಟ್ ಲಸಿಕೆ ಹೈದರಾಬಾದಿನ ಭಾರತ್ ಬಯೋಟೆಕ್‌ನದ್ದು, ಹುಬ್ಬಳ್ಳಿಯ ಮಕ್ಕಳ ಡಾಕ್ಟರ ಹತ್ತಿರ ಸಿಗುತ್ತದೆ. ಅದನ್ನು 'ಊರಲ್ಲಿ ಸಿಗುತ್ತೆ' ಕಾಲಂಗೆ ಹಾಕುವಾಗ ಸ್ವಲ್ಪ ಹೆಮ್ಮೆಯೇ ಆಯಿತು.

ನಮ್ಮಿಬ್ಬರ ನಡುವೆ ನಿಜವಾದ ಜಗಳ ತಂದದ್ದು ದಡಾರ. ಗಾಳಿಯಲ್ಲಿ ಹರಡುವ ರೋಗ. ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿಯಬಹುದು. ಅಮೆರಿಕದಲ್ಲಿ ಎಂಎಂಆರ್ ಲಸಿಕೆ 12ರಿಂದ 15 ತಿಂಗಳಿಗೆ, ಭಾರತದಲ್ಲಿ ಮೊದಲ ಎಂಆರ್ ಡೋಸ್ 9 ತಿಂಗಳು ತುಂಬಿದ ಮೇಲೆ. ಮಗಳಿಗೆ ಆಗ ಏಳೂವರೆ ತಿಂಗಳು. ವಿದೇಶ ಪ್ರಯಾಣವಿದ್ದರೆ 6ರಿಂದ 11 ತಿಂಗಳ ಕೂಸಿಗೂ ಒಂದು ಡೋಸ್ ಮುಂಚಿತವಾಗಿ ಕೊಡಿಸಿ ಅನ್ನುತ್ತದೆ ಅಮೆರಿಕದ ಸಿಡಿಸಿ. ಇದು ಲೆಕ್ಕಕ್ಕಿಲ್ಲದ ಡೋಸ್, ವರ್ಷ ತುಂಬಿದ ಮೇಲೆ ಎರಡು ಡೋಸ್ ಮತ್ತೆ ಬೇಕೇ ಬೇಕು. ಹಾಗೇ ಲಸಿಕೆ ಹಾಕಿಸಿ ಎರಡು ವಾರವಾದರೂ ಆಗಿರಬೇಕು.

ಲಸಿಕೆಗೆ ಅಪಾಯಿಂಟ್‌ಮೆಂಟ್ ತೊಗೊಂಡ ದಿನವೇ ಅಪ್ಪನ ಫೋನ್ ಬಂತು. ಆಯಿಗೆ ನ್ಯುಮೋನಿಯಾ, ಆಸ್ಪತ್ರೆಯಲ್ಲಿದ್ದಾಳೆ ಅಂತ. ಎಂಬತ್ತಾರು ವರ್ಷದ ಆಯಿ ಮರಿಮೊಮ್ಮಗಳನ್ನು ನೋಡಿದ್ದು ವಿಡಿಯೊ ಕಾಲ್‌ನಲ್ಲಿ ಮಾತ್ರ, ಅದೂ ಮಂಜುಗಣ್ಣಿನಲ್ಲಿ. ನಾನು ಟಿಕೆಟ್ ಬದಲಿಸಿ ನಾಳೆಯೇ ಹೊರಡೋಣ ಅಂದೆ. ಹೆಂಡತಿ ಹದಿನಾಲ್ಕು ದಿನ ಆಗದೆ ಮಗು ವಿಮಾನ ಹತ್ತಲ್ಲ ಅಂದಳು. ನಾನೊಬ್ಬನೇ ಹೋಗಬಹುದಿತ್ತು, ಆದರೆ ಆಯಿ ಕೇಳುತ್ತಿದ್ದದ್ದು ನನ್ನನ್ನಲ್ಲ. ಇಬ್ಬರೂ ಆ ಸಂಜೆ ಮಾತು ಬಿಟ್ಟೆವು. ತೀರ್ಪು ಕೊಟ್ಟವಳು ಅವ್ವ. "ಸೂಜಿ ಹಾಕಿಸ್ಕೊಂಡ, ದಿನಾ ತುಂಬಿಸ್ಕೊಂಡ ಬರ್ರಿ. ಈ ದವಾಖಾನಿಯಾಗ ಎಷ್ಟ ಮಂದಿ ಕೆಮ್ಮಾಕತ್ತಾರ ನಾನ ನೋಡಾಕತ್ತೇನಿ. ಆಯಿ ಕಾಯತಾಳ."

ಆ ಹದಿನಾಲ್ಕು ದಿನ ಫೋನ್ ಸದ್ದಾದಾಗಲೆಲ್ಲ ಎದೆ ಧಸಕ್ಕನ್ನುತ್ತಿತ್ತು. ಹತ್ತನೇ ದಿನ ಆಯಿ ಮನೆಗೆ ಬಂದಳು.

ಅದೇ ವಾರ ಧೈರ್ಯ ಮಾಡಿ ಇಡೀ ಲಿಸ್ಟನ್ನು, ಮೂರನೇ ಕಾಲಂ ಒಂದನ್ನು ಬಿಟ್ಟು, ಅವ್ವನಿಗೆ ಫೋನಲ್ಲಿ ಓದಿ ಹೇಳಿದೆ. ಅವ್ವ ನಕ್ಕಳು. "ಯಪ್ಪಾ, ಇಲ್ಲೇನ ಕೂಸು ಹುಟ್ಟೂದಿಲ್ಲೇನು? ಡೈಪರ್ ಗೋಕುಲ ರೋಡಿನಾಗ ಬೇಕಾದಷ್ಟ ಸಿಗ್ತಾವ. ನೀರು ಕಾಸಾಕ ಹೊಸಾ ಬೋಗಾಣಿ ತಂದೇನಿ, ಅದರಾಗ ಬ್ಯಾರೆ ಏನೂ ಮಾಡೂದಿಲ್ಲ." ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಹೇಳಿದಳು, "ಆ ಕಾರಿನ ಖುರ್ಚಿ ಅಂದ್ಯಲ್ಲ, ಅದನ್ನ ಮಾತ್ರ ಮರೀಬ್ಯಾಡ. ಬೈಪಾಸ್ ಹೆಂಗೈತಿ ಗೊತ್ತೈತಲ್ಲ."

ಗೊತ್ತಿಲ್ಲದೆ ಏನು? ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿ.ಮೀ. ಬೈಪಾಸಿನ ಅಪಘಾತದ ಸುದ್ದಿ ಓದುತ್ತಲೇ ಬೆಳೆದವರು ನಾವು. ಎರಡೇ ಲೇನಿನ ಆ ದಾರಿಯನ್ನು ಆರು ಲೇನ್ ಮಾಡುವ ಕೆಲಸ ಶುರುವಾಗಿ ವರ್ಷಗಳಾದವು. ವಿಚಿತ್ರ ನೋಡಿ, ಐದು ಲಿಸ್ಟ್‌ಗಳಲ್ಲಿ ನಾಲ್ಕು ಕಾರ್ ಸೀಟನ್ನು ಬಿಟ್ಟುಬಿಡಿ, ಅಲ್ಲಿ ಯಾರೂ ಬಳಸಲ್ಲ ಎಂದಿದ್ದವು. ಎಲ್ಲರ ಕಣ್ಣೂ ನೀರು, ಧೂಳು, ಸೊಳ್ಳೆ ಮೇಲೆ. ರಸ್ತೆ ಯಾರಿಗೂ ನೆನಪಿಲ್ಲ. ಸಡನ್ ಬ್ರೇಕ್ ಬಿದ್ದರೆ ತೊಡೆ ಮೇಲಿನ ಕೂಸನ್ನು ಕೈಯಲ್ಲಿ ಹಿಡಿದು ನಿಲ್ಲಿಸೋದು ಯಾರಿಂದಲೂ ಆಗದ ಮಾತು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಹಾಕದಿದ್ದರೆ 1,000 ರೂಪಾಯಿ ದಂಡವೂ ಇದೆ. ಬರೀ ಸೀಟ್ ಬೆಲ್ಟ್‌ನಿಂದಲೇ ಕಟ್ಟಬಹುದಾದ ಸೀಟನ್ನು ಆರಿಸಿದೆವು. ಎಷ್ಟೋ ವಿಮಾನಗಳಲ್ಲಿ ಕೂಸಿನ ಕಾರ್ ಸೀಟಿಗೆ ಲಗೇಜ್ ದುಡ್ಡಿಲ್ಲ, ಬುಕ್ ಮಾಡುವಾಗ ಕೇಳಿಕೊಳ್ಳಿ.

ಲಗೇಜ್ ಅಂದಾಗ ಇನ್ನೊಂದು ಮಾತು. ಅಮೆರಿಕದಿಂದ ನಮಗೆ ತಲಾ 23 ಕೆ.ಜಿ.ಯ ಎರಡೆರಡು ಪೆಟ್ಟಿಗೆ ತರಲು ಅವಕಾಶವಿತ್ತು. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬೇರೆ ಟಿಕೆಟ್ ತೆಗೆದರೆ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಅಷ್ಟೆ. ಉಳಿದದ್ದಕ್ಕೆ ದುಡ್ಡು ತೆರಬೇಕು. ನಾವು ಒಂದು ರಾತ್ರಿ ಬೆಂಗಳೂರಲ್ಲಿ ಉಳಿದು ಬೆಳಗಿನ ವಂದೇ ಭಾರತ್ ಹತ್ತಿದೆವು, ಹುಬ್ಬಳ್ಳಿಗೆ ಸುಮಾರು ಐದು ತಾಸು. ಒಂದೇ ಎಚ್ಚರಿಕೆ: ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಕೂಸು, ಕಾರ್ ಸೀಟ್, ನಾಲ್ಕು ಪೆಟ್ಟಿಗೆ ಹಿಡಿದು ನಡೆಯುವಾಗ ಆ ದಾಖಲೆಯ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ. ಮೊದಲೇ ಯಾರನ್ನಾದರೂ ಕರೆಸಿಕೊಳ್ಳಿ.

ಕೊನೆಗೆ ಒಯ್ದದ್ದು ಇಷ್ಟು: ಕಾರ್ ಸೀಟ್, ತೊಟ್ಟಿಲ ಮೇಲೆ ಹಾಕುವ ಸೊಳ್ಳೆ ಬಲೆ, ಥರ್ಮಾಮೀಟರ್, ಡಾಕ್ಟರ್ ಬರೆದುಕೊಟ್ಟ ಜ್ವರದ ಔಷಧಿ ಡೋಸಿನ ಚೀಟಿ ಸಮೇತ, ಲಸಿಕೆ ದಾಖಲೆ, ಮಗಳಿಗೆ ಒಗ್ಗಿದ ಹಾಲಿನ ಪುಡಿ, ಮೊದಲ ಮೂರು ದಿನದ ಡೈಪರ್. ಹಾಲು, ಕುದಿಸಿದ ನೀರು ಕೈಚೀಲದಲ್ಲೇ ಇರಲಿ, ಕೂಸಿನ ಆಹಾರಕ್ಕೆ 100 ಮಿ.ಲೀ. ಮಿತಿ ಇಲ್ಲ. ಮತ್ತೆ ವೀಸಾ. ಇಲ್ಲಿ ಹುಟ್ಟಿದ್ದರಿಂದ ಮಗಳ ಪಾಸ್‌ಪೋರ್ಟ್ ಅಮೆರಿಕದ್ದು. ಅದನ್ನು ಕೇಳಿ ಆಯಿ, "ನಮ್ಮನಿಗೆ ಬರಾಕ ನಮ್ಮ ಕೂಸಿಗೆ ಪರವಾನಗಿ ಬೇಕಂತ?" ಅಂತ ಓಣಿಗೆಲ್ಲ ಹೇಳಿದ್ದಳಂತೆ.

ಮೂರನೇ ಕಾಲಂನ ವಸ್ತುಗಳನ್ನು ಪೆಟ್ಟಿಗೆಗೆ ಹಾಕಲಿಲ್ಲ. ನಾನು ಮಲಗಿದ್ದ ತೊಟ್ಟಿಲನ್ನೇ ಅಪ್ಪ ಹೊಸ ಬೋಲ್ಟ್ ಹಾಕಿ ಬಿಗಿ ಮಾಡಿಟ್ಟಿದ್ದ. ಒಳಗೆ ಮೆತ್ತನೆ ಕೌದಿ ಬೇಡ, ಗಟ್ಟಿ ಹಾಸಿಗೆ ಸಾಕು ಅಂದಾಗ ಯಾರೂ ಮುನಿಸಿಕೊಳ್ಳಲಿಲ್ಲ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಬೊಟುಲಿಸಂ ಭಯ ಇರುತ್ತೆ ಅಂತ ಹೆಂಡತಿ ಹೇಳಿದಾಗ ಅವ್ವ ಬಾಟಲಿಯನ್ನು ಮೇಲಿನ ಮಾಡಕ್ಕೆ ಇಟ್ಟಳು. ಕಾಡಿಗೆಗೆ ಮಾತ್ರ ಆಯಿ ಹಟ ಹಿಡಿದಳು. ಕಣ್ಣಿಗೆ ಬೇಡ, ಅದರಲ್ಲಿ ಸೀಸ ಇರಬಹುದು ಅಂದೆವು. ಅಂಗಾಲಿಗೆ ಇಡೋಣ ಅಂದರೆ ಮಗಳು ಕಾಲ್ಬೆರಳು ಚೀಪುವ ವಯಸ್ಸು. ಕಡೆಗೆ ಕಿವಿಯ ಹಿಂದೆ ಒಂದು ಬೊಟ್ಟು ಅಂತ ಒಪ್ಪಂದವಾಯಿತು. ಸರಿಯಾಗಿ ಕಾಣದ ಕಣ್ಣಿಗೆ ಬೆರಳೇ ಸಾಕು. ಆಯಿ ಕೂಸಿನ ಕಿವಿ ಹುಡುಕುತ್ತಾ ಹಣೆ, ಮೂಗು, ಗಲ್ಲ ಎಲ್ಲವನ್ನೂ ತಡವಿ ನೋಡಿದಳು.

ಹೊರಡುವ ದಿನ ಬಲೆ ಮಡಚುತ್ತಿದ್ದೆ. ಅವ್ವ ತಡೆದಳು. "ಅದನ್ನ ಇಲ್ಲೇ ಬಿಡ. ಆಯಿಗೂ ಸೊಳ್ಳಿ ಕಡೀತಾವ." ಈಗ ಅದನ್ನು ಹಗಲು ಹೊತ್ತು ಆಯಿಯ ಹಾಸಿಗೆ ಮೇಲೆ ಕಟ್ಟುತ್ತಾರೆ. ತಲೆ, ಮುಖ ಮುಚ್ಚುವಷ್ಟು ಉದ್ದ ಇದೆಯಂತೆ, ಕಾಲಿಗೆ ಮಾತ್ರ ಸಾಲದಂತೆ.